ಕನ್ನಡದಲ್ಲಿ ಎರಡಕ್ಷರ, ಇಂಗ್ಲಿಷ್‌ನಲ್ಲಿ ನೂರೆಂಟು ಅಭಿಪ್ರಾಯ

ಮಗಳಿಗೆ ಇಳಾ ಎಂದು ಹೆಸರಿಡಲು ನಮ್ಮ ಮನೆಯಲ್ಲಿ ಯಾರೂ ತಕರಾರು ಮಾಡಲಿಲ್ಲ. ಚಿಕ್ಕ ಹೆಸರು, ಕರೆಯೋಕೆ ಸುಲಭ, ಅರ್ಥವೂ ಚೆನ್ನಾಗಿದೆ. ಅತ್ತೆ ಒಂದು ಸಲ ಜೋರಾಗಿ ಕೂಗಿ ನೋಡಿದರು, "ಬಾಯಿಗೆ ಹಿತವಾಗಿದೆ" ಎಂದರು. ಅಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡೆವು. ಗಲಾಟೆ ಶುರುವಾಗಿದ್ದು ಅದನ್ನು ಇಂಗ್ಲಿಷ್‌ನಲ್ಲಿ ಹೇಗೆ ಬರೆಯೋದು ಅನ್ನುವಾಗ.

ಕನ್ನಡದಲ್ಲಿ ಈ ಕಷ್ಟವೇ ಇಲ್ಲ. ಹೇಗೆ ಅನ್ನುತ್ತೇವೋ ಹಾಗೆ ಬರೆಯುತ್ತೇವೆ. ಇಂಗ್ಲಿಷ್‌ಗೆ ಹೋದ ಕೂಡಲೇ ಮೊದಲಿಗೆ ಐ ಹಾಕೋದಾ, ಇ ಹಾಕೋದಾ, ಡಬಲ್ ಇ ಹಾಕೋದಾ ಎಂದು ಮೂರು ದಾರಿ. ನಡುವೆ ಎಲ್ ಒಂದಾ, ಎರಡಾ? ಕೊನೆಯ ದೀರ್ಘಕ್ಕೆ ಒಂದು ಎ, ಎರಡು ಎ, ಇಲ್ಲವೇ ಎ ಪಕ್ಕದಲ್ಲಿ ಒಂದು ಎಚ್. ಗುಣಿಸಿ ನೋಡಿ, 18 ಬಗೆ ಆಗುತ್ತದೆ. ಎರಡಕ್ಷರದ ಹೆಸರಿಗೆ!

"ಯಾವುದೋ ಒಂದು ಬರೆದುಬಿಡಿ, ಅದಕ್ಕೇನು ಅಷ್ಟು ತಲೆ ಕೆಡಿಸಿಕೊಳ್ಳೋದು" ಎಂದವರೂ ಇದ್ದರು. ಅವರ ಹೆಸರು ರಮೇಶ, ಸುಮ ಹೀಗೆ ಏನಾದರೂ ಇರುತ್ತದೆ ಬಿಡಿ. ನನ್ನ ಹೆಸರು ಶ್ವೇತಾ. ಮೊದಲಿಗೆ ಬರೀ ಎಸ್ ಇಲ್ಲವೇ ಎಸ್ ಎಚ್, ನಡುವೆ ಡಬ್ಲ್ಯೂ ಇಲ್ಲವೇ ವಿ, ಕೊನೆಗೆ ಬರೀ ಟಿ ಇಲ್ಲವೇ ಟಿ ಎಚ್. ಎಂಟು ಬಗೆಯಲ್ಲಿ ಬರೆಯಬಹುದು, ನಾನು ಎಂಟನ್ನೂ ನೋಡಿದ್ದೇನೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿಗೆ ಎರಡು ಎಚ್ ಇವೆ. ಪ್ಯಾನ್ ಕಾರ್ಡಿನ ಅರ್ಜಿ ತುಂಬಿದವರು ಎರಡನೆಯ ಎಚ್ ಬಿಟ್ಟರು. ಬ್ಯಾಂಕ್ ಖಾತೆ ಪ್ಯಾನ್ ನೋಡಿ ತೆರೆದದ್ದು, ಹಾಗಾಗಿ ಅಲ್ಲೂ ಇಲ್ಲ. ಮನೆ ಸಾಲಕ್ಕೆ ಹೋದಾಗ "ಇವರಿಬ್ಬರೂ ಒಬ್ಬರೇ ಅನ್ನೋಕೆ ಏನು ದಾಖಲೆ ಇದೆ ಮೇಡಂ?" ಎಂದು ಕೇಳಿದರು. ಅಂಥವರಿಗಾಗಿಯೇ "ಒನ್ ಅಂಡ್ ದಿ ಸೇಮ್" ಅಂತ ಒಂದು ಅಫಿಡವಿಟ್ ಇದೆ. ಸ್ಟಾಂಪ್ ಪೇಪರ್ ಮೇಲೆ, ನೋಟರಿ ಮುಂದೆ, ನಾನು ನಾನೇ ಎಂದು ಸಹಿ ಹಾಕಿ ಕೊಟ್ಟೆ.

ಆ ಎಚ್ ಹಿಂದೆ ಒಂದು ಲೆಕ್ಕ ಇದೆ. ನಾವು ದಕ್ಷಿಣದವರು ಟಿ ಅನ್ನು ಟಕಾರಕ್ಕೆ ಇಟ್ಟುಕೊಂಡಿದ್ದೇವೆ, ಅದಕ್ಕೇ ತಕಾರಕ್ಕೆ ಟಿ ಎಚ್ ಬರೆಯುತ್ತೇವೆ. ಲತಾ, ಗೀತಾ, ಸವಿತಾ ಎಲ್ಲರಿಗೂ ಒಂದೊಂದು ಎಚ್. ಉತ್ತರದವರಿಗೆ ತಕಾರಕ್ಕೂ ಟಿ ಸಾಕು, ಟಿ ಎಚ್ ಅಂದರೆ ಅವರಿಗೆ ಥಕಾರ. ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಹಿಂದಿಯವರು ಇವತ್ತಿಗೂ ನನ್ನನ್ನು ಶ್ವೇಥಾ ಅನ್ನುತ್ತಾರೆ. ಬರೆದದ್ದನ್ನೇ ಓದುತ್ತಾರೆ, ಅವರದ್ದೇನು ತಪ್ಪು?

ಹೀಗೆ ಒಂದು ಎಚ್‌ನಿಂದ ಅಷ್ಟು ಓಡಾಡಿದ ಮೇಲೆ, ಮಗಳ ವಿಷಯದಲ್ಲಿ "ಯಾವುದೋ ಒಂದು" ಅನ್ನಲು ನನಗೆ ಮನಸ್ಸಾಗಲಿಲ್ಲ.

ಅವಸರವೂ ಇರಲಿಲ್ಲ. ಮಗು ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಆಗಬೇಕು, ಹೆಸರು ಆಗಲೇ ಕೊಡಬೇಕೆಂದಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಹೆಸರಿಲ್ಲದೆಯೂ ನೋಂದಾಯಿಸಬಹುದು. ನಂತರ 12 ತಿಂಗಳೊಳಗೆ ಹೆಸರು ಸೇರಿಸಿದರೆ ತಡವಾದ ಶುಲ್ಕವೂ ಇಲ್ಲ. ಅದು ದಾಟಿದರೆ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. ಆಸ್ಪತ್ರೆಯಲ್ಲಿ ಫಾರ್ಮ್ ಹಿಡಿದು ಬಂದವರು "ಹೆಸರು ಏನಂತ ಬರೀಲಿ?" ಎಂದಾಗ, ಖಾಲಿ ಬಿಡಿ ಎಂದೆವು. ಆದರೆ ಒಂದು ಸಲ ಬರೆಸಿದ ಮೇಲೆ ಅದು ಎಲ್ಲ ಕಡೆ ಹೋಗುತ್ತದೆ. 2023ರ ಅಕ್ಟೋಬರ್ 1ರಿಂದ ತಿದ್ದುಪಡಿ ಜಾರಿಗೆ ಬಂದಿದೆ. ಅಂದಿನಿಂದ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರಿಸಲು, ಪಾಸ್‌ಪೋರ್ಟ್‌ಗೆ, ಆಧಾರ್‌ಗೆ, ಆಮೇಲೆ ಡ್ರೈವಿಂಗ್ ಲೈಸೆನ್ಸ್‌ಗೆ, ಮತದಾರರ ಪಟ್ಟಿಗೆ ಜನನ ಪ್ರಮಾಣಪತ್ರವೇ ಮೂಲ. ಆಧಾರ್‌ನಲ್ಲಿ ಹೆಸರು ತಿದ್ದಿಸಲು ಜೀವಮಾನದಲ್ಲಿ ಎರಡೇ ಅವಕಾಶ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಚ್ಚಾದ ಮೇಲಂತೂ ಕೇಳಲೇಬೇಡಿ.

ಮೊದಲು ನಾವಿಬ್ಬರೇ ಕೂತು ಪಟ್ಟಿ ಮಾಡಿದೆವು. ಇಂಗ್ಲಿಷಿನ ಇ ಹಾಕಿ ಬರೆದರೆ "ಎಲಾ" ಆಗುತ್ತದೆ. ಶಾಲೆಯಲ್ಲಿ ಹಾಜರಿ ಕರೆಯುವಾಗ ಟೀಚರ್ "ಎಲಾ!" ಅಂದರೆ ಪಕ್ಕದ ಹುಡುಗ "ಇವಳಾ!" ಅನ್ನದೆ ಬಿಡುತ್ತಾನಾ? ಅದನ್ನು ಹೊಡೆದು ಹಾಕಿದೆವು. ಡಬಲ್ ಇ ಹಾಕಿದರೆ ಈಲಾ. ಅದು ಬೇರೆಯದೇ ಹೆಸರು. ಉಳಿದದ್ದು ಐ. ಅದರಲ್ಲೂ ಇಂಗ್ಲಿಷ್ ಓದುವವರು ಐಲಾ ಅನ್ನುವ ಸಾಧ್ಯತೆ ಇದೆ. ಒಂದಿಬ್ಬರು ಅನ್ನಲಿ, ತಿದ್ದಿದರಾಯಿತು ಎಂದುಕೊಂಡೆವು.

ಅಷ್ಟರಲ್ಲಿ ನಾದಿನಿ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಓಟಿಂಗ್ ಹಾಕಿಬಿಟ್ಟಳು. ನಾವು ಕೇಳಿರಲಿಲ್ಲ. ಪ್ರೀತಿಯಿಂದಲೇ ಹಾಕಿದ್ದಳು, ಕೊನೆಗೆ ಒಂದು ಹೃದಯ ಬೇರೆ. ಅಲ್ಲಿಂದ ಎಲ್ಲರೂ ಭಾಷಾತಜ್ಞರಾದರು.

ನಾದಿನಿಯ ವಾದ ಡಬಲ್ ಎ. "ಒಂದೇ ಎ ಹಾಕಿದ್ರೆ ಇಲ ಅಂತಾರೆ ಅತ್ತಿಗೆ, ಇಲಿ ಥರ ಕೇಳುತ್ತೆ." ನಾನು ಕೇಳಿದೆ, "ಸೀತಾ, ರಾಧಾ, ಶ್ವೇತಾ ಎಲ್ಲಾರಿಗೂ ಕೊನೆಗೆ ಒಂದೇ ಎ ಅಲ್ವಾ?" "ಅದಕ್ಕೇ ನಿಮ್ಮನ್ನ ಎಲ್ಲಾರೂ ಶ್ವೇತ ಅನ್ನೋದು" ಎಂದಳು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಮ್ಮನಿಗೆ ಕೊನೆಗೊಂದು ಎಚ್ ಬೇಕು. ಯಾಕೆ ಅಂದರೆ, "ಮೂರೇ ಅಕ್ಷರ ಬೋಳು ಬೋಳಾಗಿ ಕಾಣುತ್ತೆ ಕಣೇ." ಆಫೀಸಿನ ಒಬ್ಬರು ನಡುವೆ ಎಸ್ ಸೇರಿಸಿ ಎಂದರು. ಹಾಗೆ ಬರೆಯುವ ಒಂದು ಇಂಗ್ಲಿಷ್ ಹೆಸರಿದೆ, ಎಸ್ ಉಚ್ಚರಿಸದೆ ಅದನ್ನು ಐಲಾ ಎಂದೇ ಓದುತ್ತಾರೆ. "ನಾಳೆ ಫಾರಿನ್‌ಗೆ ಹೋದ್ರೆ ಸುಲಭ ಆಗುತ್ತೆ." ಮಗುವಿಗೆ ಇನ್ನೂ ಕತ್ತು ನಿಂತಿರಲಿಲ್ಲ.

ಜಾಸ್ತಿ ಹೊತ್ತು ತಿಂದದ್ದು ಇಬ್ಬರು. ಒಬ್ಬರು ನನ್ನ ಅಪ್ಪ, ಇನ್ನೊಬ್ಬರು ಚಿಕ್ಕಮಾವ.

ಅಪ್ಪ ಕನ್ನಡ ಮೇಷ್ಟ್ರಾಗಿದ್ದವರು. ಅವರ ಚಿಂತೆ ಎಲ್ಲ ಳ ಬಗ್ಗೆ. "ಎಲ್ ಅಂತ ಬರೆದರೆ ಮುಂದೆ ಅವಳೇ ತನ್ನನ್ನ ಇಲಾ ಅಂದ್ಕೋತಾಳೆ" ಎಂದರು. ಅದಕ್ಕೆ ಪರಿಹಾರವನ್ನೂ ಹುಡುಕಿ ತಂದಿದ್ದರು. ಭಾರತದ ಲಿಪಿಗಳನ್ನು ರೋಮನ್‌ಗೆ ಇಳಿಸಲು 2001ರಲ್ಲಿ ಬಂದ ಐಎಸ್‌ಒ 15919 ಎಂಬ ಅಂತರರಾಷ್ಟ್ರೀಯ ಪದ್ಧತಿ ಇದೆ. ಅದರಲ್ಲಿ ಳ ಬರೆಯಲು ಎಲ್ ಕೆಳಗೆ ಚುಕ್ಕಿ, ಆ ಬರೆಯಲು ಎ ತಲೆ ಮೇಲೆ ಗೀಟು. ಹಾಳೆಯ ಮೇಲೆ ಚೆನ್ನಾಗಿ ಬರೆದು ತೋರಿಸಿದರು. ನೋಡಲು ನಿಜಕ್ಕೂ ಚೆಂದ ಇತ್ತು. ನಮ್ಮವರು ಪಾಸ್‌ಪೋರ್ಟ್ ತೆಗೆದು ಕೆಳಗಿನ ಎರಡು ಸಾಲು ತೋರಿಸಿದರು. ಯಂತ್ರ ಓದುವ ಸಾಲುಗಳು ಅವು. ಅಲ್ಲಿ ಎ ಇಂದ ಝಡ್‌ವರೆಗಿನ ದೊಡ್ಡಕ್ಷರ, ಅಂಕಿ, ಬಾಣದ ತುದಿಯಂಥ ಒಂದು ಗುರುತು, ಇಷ್ಟೇ ಇರಬಹುದು. ಚುಕ್ಕಿಗೂ ಜಾಗ ಇಲ್ಲ, ಗೀಟಿಗೂ ಜಾಗ ಇಲ್ಲ.

ಅಪ್ಪನನ್ನು ಒಪ್ಪಿಸಿದ್ದು ಪಾಸ್‌ಪೋರ್ಟ್ ಅಲ್ಲ, ನಮ್ಮ ಊರುಗಳ ಹೆಸರು. 2014ರ ನವೆಂಬರ್ 1ರಂದು ಸರ್ಕಾರ 12 ಊರುಗಳ ಇಂಗ್ಲಿಷ್ ಸ್ಪೆಲಿಂಗ್ ಬದಲಿಸಿತು. ಕನ್ನಡದಲ್ಲಿ ಹೇಗೆ ಅನ್ನುತ್ತೇವೋ ಇಂಗ್ಲಿಷ್‌ನಲ್ಲೂ ಹಾಗೇ ಇರಲಿ ಎಂದೇ ಮಾಡಿದ್ದು ಅದು. ಆ ಪಟ್ಟಿಯಲ್ಲಿ ಬೆಂಗಳೂರು, ಮಂಗಳೂರು, ಬೆಳಗಾವಿ, ಹುಬ್ಬಳ್ಳಿ, ಬಳ್ಳಾರಿ ಎಲ್ಲ ಇವೆ. ಎಲ್ಲದರಲ್ಲೂ ಳ. ಇಂಗ್ಲಿಷ್‌ನಲ್ಲಿ ಎಲ್ಲದಕ್ಕೂ ಅದೇ ಎಲ್. "ಇಷ್ಟಾದ್ರೂ ನಾವು ಯಾರೂ ಬೆಂಗಲೂರು ಅನ್ನಲ್ವಲ್ಲ ಅಪ್ಪಾ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹೊರಗಿನೋರು ಅಂತಾರೆ" ಎಂದರು. ಹೊರಗಿನವರು ಇವಳನ್ನೂ ಇಲಾ ಅನ್ನುತ್ತಾರೆ, ಅದು ನಿಜ. ಹಿಂದಿಯಲ್ಲಿ, ಗುಜರಾತಿಯಲ್ಲಿ ಈ ಹೆಸರು ಇರುವುದೇ ಹಾಗೆ. 1972ರಲ್ಲಿ ಅಹಮದಾಬಾದಿನಲ್ಲಿ "ಸೇವಾ" ಎಂಬ ಮಹಿಳಾ ಕಾರ್ಮಿಕರ ಸಂಘಟನೆ ಕಟ್ಟಿದ ಇಳಾ ಭಟ್ ಅವರ ಹೆಸರು ಅವರ ಭಾಷೆಯಲ್ಲಿ ಲಕಾರದ್ದೇ. ಅವರು ಇಂಗ್ಲಿಷ್‌ನಲ್ಲಿ ಬರೆಯುತ್ತಿದ್ದದ್ದು ಇ, ಎಲ್, ಎ, ಅಲ್ಲೂ ಅದೇ ಒಂದು ಎಲ್. ಅಪ್ಪನಿಗೆ ಅವರ ಮೇಲೆ ಗೌರವ. "ಸರಿ, ಮನೇಲಿ ಮಾತ್ರ ಸರಿಯಾಗಿ ಕರೀರಿ" ಎಂದು ಎದ್ದರು.

ಚಿಕ್ಕಮಾವ ಅಷ್ಟು ಸುಲಭಕ್ಕೆ ಏಳುವವರಲ್ಲ. ಅವರಿಗೆ ಸಂಖ್ಯಾಶಾಸ್ತ್ರದಲ್ಲಿ ನಂಬಿಕೆ. ಅವರ ಲೆಕ್ಕದಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಸಾಲಾಗಿ 1ರಿಂದ 9ರವರೆಗೆ ಬೆಲೆ, ಮುಗಿದ ಮೇಲೆ ಮತ್ತೆ 1. ಐ ಒಂಬತ್ತು, ಎಲ್ ಮೂರು, ಎ ಒಂದು. ಕೂಡಿದರೆ 13, ಒಂದು ಮೂರು ಸೇರಿ ನಾಲ್ಕು. "ನಾಲ್ಕು ಬೇಡಮ್ಮ, ಜೀವನದಲ್ಲಿ ಅಡ್ಡಿ ಜಾಸ್ತಿ. ಇನ್ನೊಂದು ಎಲ್ ಹಾಕಿ ನೋಡು. ಹದಿನಾರಾಗುತ್ತೆ, ಒಂದು ಆರು ಏಳು. ಒಳ್ಳೇ ಸಂಖ್ಯೆ."

ನಾನು ಕಾಗದದ ಮೇಲೆ ಐ, ಎರಡು ಎಲ್, ಎ ಬರೆದು ಅವರ ಕೈಗೇ ಕೊಟ್ಟೆ. "ಓದಿ ಚಿಕ್ಕಮಾವ."

ಕನ್ನಡಕ ಏರಿಸಿ ಓದಿದರು. "ಇಲ್ಲ."

"ಹೆಸರೇನು ಮಗು ಅಂದ್ರೆ ಇಲ್ಲ ಅನ್ನಬೇಕಾ ಅವಳು?"

ನಮ್ಮವರು ನಗು ತಡೆಯಲಾರದೆ ಎದ್ದು ಹೊರಗೆ ಹೋದರು. ಚಿಕ್ಕಮಾವ ನಗಲಿಲ್ಲ. ಯಡಿಯೂರಪ್ಪನವರ ಉದಾಹರಣೆ ತೆಗೆದರು. ಅವರು 2007ರಲ್ಲಿ ಇಂಗ್ಲಿಷ್ ಸ್ಪೆಲಿಂಗ್‌ನಲ್ಲಿ ಡಬಲ್ ಡಿ ಮಾಡಿಕೊಂಡರು, ಮರುವರ್ಷ ಮುಖ್ಯಮಂತ್ರಿ ಆಗಲಿಲ್ಲವಾ ಎಂದರು. ಅದು ಸರಿ, ಆದರೆ 2019ರಲ್ಲಿ ಹಳೆಯ ಸ್ಪೆಲಿಂಗ್‌ಗೇ ವಾಪಸ್ ಬಂದರಲ್ಲ, ಆಗಲೂ ಮುಖ್ಯಮಂತ್ರಿ ಆದರು ಎಂದೆ. ಎರಡರಲ್ಲೂ ಆದ ಮೇಲೆ ಅಕ್ಷರದ ಪಾಲು ಎಷ್ಟು? ಇದನ್ನು ಜೋರಾಗಿ ಕೇಳಲಿಲ್ಲ.

ವಾದ ಮಾಡಿ ಅವರನ್ನು ಒಪ್ಪಿಸಲು ಆಗಲ್ಲ ಎಂದು ಗೊತ್ತಿತ್ತು. ನಂಬಿಕೆಯನ್ನು ಅಣಕಿಸಲೂ ಇಷ್ಟ ಇರಲಿಲ್ಲ, ಮಗುವಿಗೆ ಒಳ್ಳೆಯದಾಗಲಿ ಎಂದೇ ಹೇಳುತ್ತಿದ್ದರು. ಹಾಗಾಗಿ ಅವರ ದಾರಿಯಲ್ಲೇ ಹೋದೆ. ಸಂಖ್ಯಾಶಾಸ್ತ್ರದಲ್ಲಿ ಒಂದೇ ಕೋಷ್ಟಕ ಇಲ್ಲ. ಕೀರೋ ಎಂಬ ಜ್ಯೋತಿಷಿಯ ಹೆಸರಿನಿಂದ ಪ್ರಸಿದ್ಧವಾದ ಇನ್ನೊಂದಿದೆ, ಅದರಲ್ಲಿ ಬೆಲೆಗಳು 1ರಿಂದ 8ರವರೆಗೆ ಮಾತ್ರ, ಯಾವ ಅಕ್ಷರಕ್ಕೂ 9 ಇಲ್ಲ. ಅಲ್ಲಿ ಐ ಒಂದು, ಎಲ್ ಮೂರು, ಎ ಒಂದು. ಒಟ್ಟು ಐದು. ಬುಧನ ಸಂಖ್ಯೆ. ಅವರು ಹೇಳಿದ ಡಬಲ್ ಎಲ್ ಸ್ಪೆಲಿಂಗ್ ಇಲ್ಲಿ ಎಂಟಾಗುತ್ತದೆ, ಅಂದರೆ ಶನಿ. ಎರಡೂ ಲೆಕ್ಕ ಬರೆದು ಅವರ ಮುಂದಿಟ್ಟೆ. ಎಂಟನ್ನು ನೋಡಿದ ಕೂಡಲೇ ಅವರ ಮುಖ ಬದಲಾಯಿತು. ಕಾಗದ ಮಡಚಿ ಜೇಬಿಗೆ ಹಾಕಿಕೊಂಡು ಹೋದರು. ಒಂದು ವಾರ ಫೋನ್ ಬರಲಿಲ್ಲ.

ಇಷ್ಟು ಜನರ ಮಾತಿನಲ್ಲಿ ನನ್ನನ್ನು ನಿಜಕ್ಕೂ ಯೋಚನೆಗೆ ಹಚ್ಚಿದ್ದು ಒಂದೇ ಆಕ್ಷೇಪ. ಅದು ಮನೆಯೊಳಗಿನದು. ನಮ್ಮವರು ಒಂದು ರಾತ್ರಿ ಮೊಬೈಲ್‌ನಲ್ಲಿ ಹೆಸರು ಟೈಪ್ ಮಾಡಿ ನನ್ನ ಮುಂದೆ ಹಿಡಿದರು. "ಏನು ಕಾಣುತ್ತೆ ಹೇಳು." ದೊಡ್ಡ ಐ ಒಂದು ನೆಟ್ಟ ಗೀಟು. ಚಿಕ್ಕ ಎಲ್ ಕೂಡ ಒಂದು ನೆಟ್ಟ ಗೀಟು. ಎರಡು ಗೀಟು, ಪಕ್ಕದಲ್ಲೊಂದು ಎ. ಮೊದಲೇ ಗೊತ್ತಿಲ್ಲದವರು ಅದನ್ನು "ಲ್ಲಾ" ಎಂದು ಓದಬಹುದು, ಹನ್ನೊಂದು ಎಂದೂ ಓದಬಹುದು. ಬೇರೆ ಯಾರಿಗೂ ಹೊಳೆದಿರಲಿಲ್ಲ ಇದು. ಫಾಂಟ್ ಬದಲಿಸಿ ನೋಡಿದೆವು. ಕೆಲವದರಲ್ಲಿ ಐಗೆ ಮೇಲೆ ಕೆಳಗೆ ಅಡ್ಡ ಗೆರೆ ಬಂದು ಸರಿಯಾಗುತ್ತದೆ, ಮೊಬೈಲ್‌ನ ಮಾಮೂಲಿ ಫಾಂಟ್‌ನಲ್ಲಿ ಆಗಲ್ಲ. ಆ ರಾತ್ರಿ ಹೆಸರನ್ನೇ ಬದಲಿಸೋಣವಾ ಎಂಬಲ್ಲಿಗೂ ಮಾತು ಹೋಯಿತು. ಆಮೇಲೆ ನೆನಪಾಯಿತು, ಪಾಸ್‌ಪೋರ್ಟ್, ಪ್ಯಾನ್, ಅರ್ಜಿಯ ಚೌಕಗಳು ಎಲ್ಲದರಲ್ಲೂ ದೊಡ್ಡಕ್ಷರ. ದೊಡ್ಡಕ್ಷರದಲ್ಲಿ ಎಲ್‌ಗೆ ಕಾಲು ಇದೆ, ಗೊಂದಲ ಇಲ್ಲ. ಮೊಬೈಲ್‌ನಲ್ಲಿ ಓದುವವರಿಗೆ ಅವಳ ಹೆಸರು ಹೇಗೂ ಗೊತ್ತಿರುತ್ತದೆ.

ನಾದಿನಿಯ ಡಬಲ್ ಎ ಕೊನೆಯವರೆಗೂ ಪೈಪೋಟಿಯಲ್ಲಿತ್ತು. ನಿಜ ಹೇಳಬೇಕೆಂದರೆ ಉಚ್ಚಾರಕ್ಕೆ ಹತ್ತಿರದ್ದು ಅದೇ. ಅದು ಬಿದ್ದದ್ದು ಫೋನ್‌ನಲ್ಲಿ. ಗೆಳತಿಯರಿಗೆ ಫೋನ್ ಮಾಡಿ, ಅಕ್ಷರ ಹೇಳುತ್ತೇನೆ ಬರೆದುಕೊಂಡು ವಾಪಸ್ ಕಳಿಸಿ ಎಂದೆ. ಮೂರಕ್ಷರದ್ದು ತಪ್ಪಾಗಲೇ ಇಲ್ಲ. ಕೊನೆಗೆ ಎರಡು ಎ ಎಂದಾಗ ಒಬ್ಬಳು ಒಂದೇ ಬರೆದಳು, ಇನ್ನೊಬ್ಬಳು ಮೂರು ಬರೆದಳು, ಮತ್ತೊಬ್ಬಳು "ಎಂಟಾ?" ಎಂದು ಕೇಳಿದಳು. ಜೀವನ ಪೂರ್ತಿ ಕೌಂಟರ್ ಮುಂದೆ ನಿಂತು "ಡಬಲ್ ಎ ಸಾರ್, ಡಬಲ್" ಅನ್ನಬೇಕಾದವಳು ಅವಳು. ಕರೆಯುವವರು ಕಿವಿಯಿಂದ ಕಲಿಯುತ್ತಾರೆ, ಅವರಿಗೆ ಸ್ಪೆಲಿಂಗ್ ಬೇಕಾಗಿಲ್ಲ. ಬೇಕಾಗಿರುವುದು ಅವಳ ಮುಖ ನೋಡದೆ ಟೈಪ್ ಮಾಡುವವರಿಗೆ. ಅವರು ತಪ್ಪು ಮಾಡಲು ಜಾಗವೇ ಇಲ್ಲದ್ದು ಐ, ಎಲ್, ಎ.

ತೀರ್ಮಾನ ಆದ ಮೇಲೆ ಗುಂಪಿನಲ್ಲಿ ಏನೂ ಹಾಕಲಿಲ್ಲ. ಯಾರಾದರೂ ಕೇಳಿದರೆ "ನೋಡ್ತಾ ಇದೀವಿ" ಅಷ್ಟೇ. ಇದು ನಮ್ಮವರ ಉಪಾಯ. ಹೇಳಿದರೆ ಮತ್ತೆ ಶುರು, ಪ್ರಮಾಣಪತ್ರ ಕೈಗೆ ಬಂದ ಮೇಲೆ ಯಾರು ಏನು ಅಂದರೂ ಅಭಿನಂದನೆ ಜೊತೆಗೇ ಅನ್ನಬೇಕಾಗುತ್ತದೆ ಎಂಬುದು ಅವರ ಲೆಕ್ಕ. ಅತ್ತೆಗೆ ಮಾತ್ರ ಮೊದಲೇ ಹೇಳಿದೆವು. ಅವರು ಇಡೀ ಗಲಾಟೆಯಲ್ಲಿ ಒಂದು ಮಾತೂ ಆಡಿರಲಿಲ್ಲ. "ನಂಗೆ ಇಂಗ್ಲಿಷ್ ಓದೋಕೆ ಬರಲ್ಲ, ನೀವೇನಾದ್ರೂ ಬರೆಸಿ" ಎಂದರು.

ನೋಂದಣಿ ಕಚೇರಿಯಲ್ಲಿ ಅರ್ಜಿ ಕೊಟ್ಟು ಕೂತೆವು. ಇನಿಷಿಯಲ್ ವಿಚಾರ ಬೇಗ ಮುಗಿಯಿತು, ಚುಕ್ಕಿ ಇಡುವ ಬದಲು ಅವಳ ಅಪ್ಪನ ಹೆಸರನ್ನು ಪೂರ್ತಿ ಬರೆಸಿದೆವು. ಆಪರೇಟರ್ ಟೈಪ್ ಮಾಡಿ, ಪ್ರಿಂಟ್ ಕೊಡುವ ಮುಂಚೆ ಸ್ಕ್ರೀನ್ ನಮ್ಮ ಕಡೆ ತಿರುಗಿಸಿದರು. ಇಂಗ್ಲಿಷ್ ಮೂರಕ್ಷರವನ್ನು ನಾನು ಬೆರಳಿಟ್ಟು ಓದಿದೆ. ಸರಿ ಇದೆ. ಅದರ ಪಕ್ಕ ಕನ್ನಡದಲ್ಲಿ "ಇಲಾ" ಎಂದಿತ್ತು.

"ಸಾರ್, ಕನ್ನಡದಲ್ಲಿ ಳ ಆಗಬೇಕು."

"ಇಂಗ್ಲಿಷ್ ಹಾಕಿದ್ರೆ ಕನ್ನಡ ಅದೇ ಬರುತ್ತೆ ಮೇಡಂ. ಎಲ್ಲಾ ಕಡೆ ಇಂಗ್ಲಿಷೇ ನೋಡೋದು ಬಿಡಿ."

ತಿಂಗಳುಗಟ್ಟಲೆ ಅಷ್ಟು ಜನ ಸೇರಿ ಜಗಳ ಆಡಿದ್ದು ಇಂಗ್ಲಿಷ್ ಬಗ್ಗೆ. ಯಾವ ಅನುಮಾನವೂ ಇಲ್ಲದ ಕನ್ನಡದ ಎರಡಕ್ಷರದಲ್ಲೇ ತಪ್ಪು ಬಂದಿತ್ತು. ಅಪ್ಪ ಜೊತೆಗಿದ್ದಿದ್ದರೆ ಏನಾಗುತ್ತಿತ್ತೋ. ಅರ್ಜಿಯಲ್ಲಿ ನಾವು ಕನ್ನಡದಲ್ಲೂ ಬರೆದುಕೊಟ್ಟಿದ್ದೆವು, ಅದನ್ನೇ ತೋರಿಸಿದೆ. ಆಪರೇಟರ್ ಕೀಬೋರ್ಡ್ ಬದಲಿಸಿ, ಲ ಅಳಿಸಿ, ಳ ಹುಡುಕಿ ಹಾಕಿದರು. ಹಿಂದೆ ಸಾಲಿನಲ್ಲಿ ನಿಂತಿದ್ದವರು "ಎರಡೂ ಒಂದೇ ಅಲ್ವೇನ್ರೀ" ಎಂದು ಗೊಣಗಿದರು. ಆಪರೇಟರ್ ಅವರತ್ತ ನೋಡಿ, "ಹಳ್ಳಿನೂ ಹಲ್ಲಿನೂ ಒಂದೇನಾ ಸಾರ್?" ಎಂದರು. ಅಷ್ಟು ಹೊತ್ತು ಅವರ ಮೇಲಿದ್ದ ನನ್ನ ಸಿಟ್ಟು ಅಲ್ಲೇ ಇಳಿಯಿತು.

ಆಧಾರ್ ಮಾಡಿಸುವಾಗಲೂ ಇದೇ ಕಥೆ. ಐದು ವರ್ಷದೊಳಗಿನ ಮಕ್ಕಳಿಗೆ ಬೆರಳಚ್ಚು ತೆಗೆದುಕೊಳ್ಳುವುದಿಲ್ಲ, ಕೆಲಸ ಬೇಗ ಮುಗಿಯುತ್ತದೆ. ಅಲ್ಲಿ ನಮ್ಮ ಕಡೆಗೇ ತಿರುಗಿದ ಇನ್ನೊಂದು ಸ್ಕ್ರೀನ್ ಇರುತ್ತದೆ, ಇಂಗ್ಲಿಷ್ ಕೆಳಗೆ ಕನ್ನಡವೂ ಕಾಣುತ್ತದೆ. ಈ ಸಲ ನಮ್ಮವರೇ ಮೊದಲು ನೋಡಿದ್ದು ಕನ್ನಡದ ಸಾಲನ್ನು.

ಪ್ರಮಾಣಪತ್ರದ ಫೋಟೋ ಗುಂಪಿಗೆ ಹಾಕಿದ ದಿನ ನಮ್ಮವರ ಲೆಕ್ಕ ಸರಿಯಾಯಿತು. ಎಲ್ಲರಿಂದಲೂ ಅಭಿನಂದನೆ ಬಂತು. ಅಮ್ಮ ಮಾತ್ರ "ಎಚ್ ಇದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು" ಎಂದು ನನಗೊಬ್ಬಳಿಗೇ ಬೇರೆ ಕಳಿಸಿದಳು. ನಾದಿನಿ ಈಗಲೂ ಡಬಲ್ ಎ ಬರೆಯುತ್ತಾಳೆ, ಕೆಲವೊಮ್ಮೆ ಪ್ರೀತಿ ಜಾಸ್ತಿಯಾಗಿ ಐದಾರು ಎ ಹಾಕುತ್ತಾಳೆ. ಅದು ಅವಳ ಮೊಬೈಲ್, ನನಗೇನೂ ಬೇಜಾರಿಲ್ಲ.

ಚಿಕ್ಕಮಾವ ಮೊನ್ನೆ ಬಂದಿದ್ದಾಗ ಪಕ್ಕದ ಮನೆಯವರಿಗೆ ಹೇಳುತ್ತಿದ್ದರು. ಐದು ಬುಧನ ಸಂಖ್ಯೆ, ಹುಡುಗಿ ಓದಿನಲ್ಲಿ ಮುಂದೆ ಬರುತ್ತಾಳೆ, ಅಕ್ಷರ ಕೂಡಿಸಿ ಸ್ಪೆಲಿಂಗ್ ಆರಿಸಿಕೊಟ್ಟದ್ದು ತಾನೇ ಎಂದು. ನಾನು ಒಳಗಿನಿಂದಲೇ ಕೇಳಿಸಿಕೊಂಡೆ. ಪಕ್ಕದ ಮನೆಯವರು ತಮ್ಮ ಮೊಮ್ಮಗನ ಹೆಸರನ್ನೂ ಒಂದು ಸಲ ನೋಡಿಕೊಡಿ ಎಂದು ಕೇಳಿದರು. ಚಿಕ್ಕಮಾವ ಜೇಬಿನಿಂದ ಪೆನ್ನು ತೆಗೆದರು.